ದೊಡ್ಡಪತ್ರೆ ಕುಡಿದ ಕಷಾಯ

ನಮ್ಮ ಮಲಗುವ ಕೋಣೆಯ ಕಿಟಕಿಯ ಹೊರಗೆ ಒಂದು ಹಳೆಯ ಪೇಂಟ್ ಡಬ್ಬವಿದೆ. ಅದರ ಮೈಮೇಲೆ ಇನ್ನೂ ತಿಳಿಹಸಿರು ಬಣ್ಣ ಸೋರಿದ ಗುರುತಿದೆ. ಅದರೊಳಗೆ ದೊಡ್ಡಪತ್ರೆ ಗಿಡ. ನಮ್ಮ ಬೀದಿಯಲ್ಲಿ ಯಾರ ಮನೆಯ ಮಗುವಿಗೆ ಕೆಮ್ಮು ಬಂದರೂ ಬಂದು ಎರಡು ಎಲೆ ಕಿತ್ತುಕೊಂಡು ಹೋಗುತ್ತಾರೆ. "ಇಷ್ಟು ದಪ್ಪ ಎಲೆ ಅರಸೀಕೆರೇಲೇ ಎಲ್ಲೂ ನೋಡಿಲ್ಲ ಕಣ್ರೀ, ಏನು ಗೊಬ್ಬರ ಹಾಕ್ತೀರಿ?" ಅಂತ ಯಾರಾದರೂ ಕೇಳಿದರೆ ನಮ್ಮ ಅತ್ತೆ ನನ್ನ ಮುಖ ನೋಡುತ್ತಾರೆ. ನಾನು ನೆಲ ನೋಡುತ್ತೇನೆ. ಆಮೇಲೆ ಇಬ್ಬರಿಗೂ ನಗು ತಡೆಯುವುದಿಲ್ಲ.

ಆ ಗೊಬ್ಬರ ಯಾವುದು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಸುರಿಯಾದಾಗ ವಾಂತಿ ಯಾರಿಗೆ ಆಗುವುದಿಲ್ಲ ಅಂತ ನೀವು ಕೇಳಬಹುದು. ಬೆಳಿಗ್ಗೆ ಎದ್ದು ಎರಡು ಸಲ ಓಕರಿಸಿ, ಆಮೇಲೆ ಉಪ್ಪಿನಕಾಯಿ ನೆಕ್ಕಿಕೊಂಡು ಓಡಾಡುವ ಬಸುರಿಯರನ್ನು ನಾನೂ ನೋಡಿದ್ದೇನೆ. ನನ್ನದು ಹಾಗಿರಲಿಲ್ಲ. ಎಂಜಲು ನುಂಗಿದರೂ ವಾಂತಿ. ಯಾರೋ ಬೀದಿಯಲ್ಲಿ ಒಗ್ಗರಣೆ ಹಾಕಿದರೆ ವಾಂತಿ. ವಾಂತಿ ನಿಂತಿತು ಅಂತ ಸಮಾಧಾನದ ಉಸಿರು ಬಿಟ್ಟರೆ, ಆ ಉಸಿರಿಗೂ ವಾಂತಿ. ಪಕ್ಕದಲ್ಲಿ ಬಕೆಟ್ಟು ಇಟ್ಟುಕೊಂಡು ಮಲಗಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗಾಗಿ ಬರೆದದ್ದು ಇದು. ಊಟ ತಿಂಡಿಯ ವರ್ಣನೆಯನ್ನು ಆದಷ್ಟು ಕಡಿಮೆ ಮಾಡುತ್ತೇನೆ. ಆ ಕಷ್ಟ ನನಗೆ ಗೊತ್ತು.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನೆತ್ತಿಯ ಮೇಲೆ ಅಟ್ಟ, ಅಟ್ಟದ ತುಂಬ ಒಣಗಲು ಬಿಟ್ಟ ತೆಂಗಿನಕಾಯಿ. ವರ್ಷ ಕಳೆಯುತ್ತ ಬಂದಂತೆ ಚಿಪ್ಪಿನೊಳಗೇ ಕೊಬ್ಬರಿಯಾಗಿ, ಇಲಿ ಓಡಿದರೆ ಒಳಗೆ ಲೊಡಲೊಡ ಅನ್ನುತ್ತವೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದೂ ಆ ಎಣ್ಣೆಯ ಪರಿಮಳವೂ ನನಗೆ ತುಂಬ ಇಷ್ಟವಾಗಿದ್ದವು. ಬೇಲೂರಿನ ನನ್ನ ತವರಿನಲ್ಲಿ ಅಂಥ ವಾಸನೆ ಇರಲಿಲ್ಲ.

ಎರಡು ವರ್ಷದ ಹಿಂದೆ ಒಮ್ಮೆ ಬಸುರಿಯಾಗಿದ್ದೆ. ಆಗ ಒಂದೇ ಒಂದು ಸಲವೂ ವಾಂತಿಯಾಗಲಿಲ್ಲ. ಮುದ್ದೆ ಸಾರು ಉಂಡುಕೊಂಡು, ಮೆಟ್ಟಿಲು ಹತ್ತಿಳಿದುಕೊಂಡು ಇದ್ದೆ. "ಒಳ್ಳೆ ಗಟ್ಟಿ ಹೆಣ್ಣು" ಅಂತ ಎಲ್ಲರೂ ಹೊಗಳಿದರು. ಎರಡೂವರೆ ತಿಂಗಳಿಗೆ ಅದು ಹೋಯಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆದರೆ ಅದನ್ನು ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಯಾಕೆಂದರೆ, ಈ ಸಲ ಮೊದಲ ವಾಂತಿಯಾದಾಗ ನಮ್ಮ ಮನೆಯಲ್ಲಿ ಹಬ್ಬವೇ ಆಯಿತು. ನಾನು ಬಚ್ಚಲಲ್ಲಿ ಬಗ್ಗಿ ನಿಂತಿದ್ದೇನೆ, ಅತ್ತೆ ಹಿಂದಿನಿಂದ ನನ್ನ ಹಣೆ ಹಿಡಿದುಕೊಂಡು, "ಬರಲಿ ಬರಲಿ, ಚೆನ್ನಾಗಿ ಬರಲಿ! ಮಗ ಗಟ್ಟಿಯಾಗಿ ಕೂತೈತೆ ಕಣೇ ರೂಪಾ!" ಅಂತ ಸಂಭ್ರಮ ಪಡುತ್ತಿದ್ದಾರೆ. ಅತ್ತೆ ಗಂಡಸಿ ಕಡೆಯವರು, ಹೆಸರು ಗೌರಮ್ಮ. ಖುಷಿಯಾದರೆ ಅವರ ಮಾತೆಲ್ಲ ಹುಟ್ಟೂರಿಗೆ ಹೋಗಿಬಿಡುತ್ತದೆ. ಬೇಲೂರಿಗೆ ಫೋನ್ ಮಾಡಿ, "ಬೀಗ್ರೇ, ಇವತ್ತು ಏಳು ಸಲ!" ಅಂದರು. ಅತ್ತ ಕಡೆಯಿಂದ ನಮ್ಮಮ್ಮ, "ಅಯ್ಯೋ ಶಿವನೇ, ಎಂಥ ಒಳ್ಳೆ ಸುದ್ದಿ ಹೇಳಿದಿರಿ!" ಅಂದರು. ಬಕೆಟ್ಟು ಹಿಡಿದು ಕೂತಿದ್ದ ನನಗೂ, ನಿಜ ಹೇಳಬೇಕೆಂದರೆ, ಖುಷಿಯೇ ಆಗಿತ್ತು.

ಏಳು, ಹನ್ನೆರಡಾಯಿತು. ಆಮೇಲೆ ಎಣಿಸುವುದನ್ನು ಬಿಟ್ಟೆವು.

ನಮ್ಮ ಅತ್ತೆ ಬೀದಿಗೇ ಕಷಾಯದ ಅಜ್ಜಿ. ಅವರ ಅಡುಗೆಮನೆಯ ಮರದ ಪೆಟ್ಟಿಗೆಯಲ್ಲಿ ಶುಂಠಿ, ಜೀರಿಗೆ, ಕೊತ್ತಂಬರಿ ಬೀಜ, ಏಲಕ್ಕಿ, ಒಣಗಿಸಿದ ನೆಲ್ಲಿಕಾಯಿ, ಭತ್ತದ ಅರಳು ಎಲ್ಲ ಒಂದೊಂದು ಬಟ್ಟೆಯ ಗಂಟಿನಲ್ಲಿ ಇರುತ್ತವೆ. ಗಂಟುಗಳಿಗೆ ಹೆಸರಿಲ್ಲ. ಗಂಟು ಕಟ್ಟಿದ ಬಟ್ಟೆಯಿಂದಲೇ ಅವರಿಗೆ ಗುರುತು. ಮಾವನ ಹಳೆಯ ಪಂಚೆಯ ತುಂಡು ಅಂದರೆ ಶುಂಠಿ. ನಮ್ಮವರ ಶಾಲೆಯ ಅಂಗಿಯ ತುಂಡು ಅಂದರೆ ಜೀರಿಗೆ. ನನಗಾಗಿ ಅವರು ಬೆಳಿಗ್ಗೆ ಶುಂಠಿ ಬೆಲ್ಲದ ಕಷಾಯ, ಮಧ್ಯಾಹ್ನ ಜೀರಿಗೆಯದು, ಸಂಜೆ ಕೊತ್ತಂಬರಿಯದು, ನಡುನಡುವೆ ದೊಡ್ಡಪತ್ರೆ ಎಲೆ ಹಾಕಿದ್ದು, ಹೀಗೆ ದಿನಕ್ಕೆ ಆರು ಲೋಟ ಮಾಡಿಕೊಡತೊಡಗಿದರು. ಬಿಸಿಬಿಸಿ, ಹೊಗೆಯಾಡುವ, ಹಿತ್ತಾಳೆ ಲೋಟದ ಕಂಠದವರೆಗೆ.

ಇತ್ತ ನಮ್ಮವರ ಪಾಡು ಬೇರೆ. ಹೆಸರು ಮಹೇಶ. ದಿನವಿಡೀ ಕೊಬ್ಬರಿ ಮಂಡಿಯಲ್ಲಿದ್ದು ಬರುವವರು. ಅವರು ಗೇಟು ತೆಗೆದರೆ ಸಾಕು, ಮೈಗಂಟಿದ ಕೊಬ್ಬರಿ ವಾಸನೆ ನನ್ನ ಹೊಟ್ಟೆಗೆ ತಿಳಿಯುತ್ತಿತ್ತು. ಪಾಪ, ಮಂಡಿಯಲ್ಲೇ ಅಂಗಿ ಬದಲಾಯಿಸಿದರು. ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬಂದರು. ಆಗ ಸೋಪಿನ ವಾಸನೆಗೆ ವಾಂತಿ. ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಿದರು. "ಈಗ ನಾನು ಬಜ್ಜಿ ಥರ ಇದೀನಾ?" ಅಂತ ಬಾಗಿಲಲ್ಲಿ ನಿಂತು ಕೇಳಿದರು. ಬಜ್ಜಿ ಅನ್ನುವ ಮಾತಿಗೇ ಆಯಿತು. ಕೊನೆಗೆ ಕೋಣೆಯೊಳಗೆ ಬರುವುದನ್ನೇ ಬಿಟ್ಟು ಹೊರಗೆ ಹಿತ್ತಲಲ್ಲಿ, ದೊಡ್ಡಪತ್ರೆ ಡಬ್ಬದ ಪಕ್ಕ ನಿಂತು, ಕಿಟಕಿಯ ಸರಳು ಹಿಡಿದುಕೊಂಡು ನನ್ನ ಜೊತೆ ಮಾತಾಡಿ ಹೋಗುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ಲಾ ಮಹೇಶ, ಕಟ್ಟಿಕೊಂಡ ಹೆಂಡ್ತಿ ಹತ್ರ ಕದ್ದು ಮಾತಾಡ್ತೀಯಲ್ಲೋ!" ಅಂದರೆ, ಇವರು, "ಮದುವೆಗೆ ಮುಂಚೆ ಈ ಭಾಗ್ಯ ಸಿಕ್ಕಿರಲಿಲ್ಲ, ಈಗ ಸಿಕ್ಕಿದೆ" ಅನ್ನುತ್ತಿದ್ದರು. ಕಣ್ಣು ಮುಚ್ಚಿ ಮಲಗಿದ್ದ ನಾನು ಒಳಗೊಳಗೇ ನಗುತ್ತಿದ್ದೆ. ಜೋರಾಗಿ ನಗುವ ಹಾಗಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಊಟದ ಹೊತ್ತಿಗೆ ಸಿಸ್ಟರ್ ಫಿಲೋಮಿನಾ ಸಾಲಿನ ನಡುವೆ ಓಡಾಡುತ್ತಿದ್ದರು. ಕೊಟ್ಟದ್ದನ್ನು ಬೇಡ ಅನ್ನಬಾರದು, ಲೋಟ ಖಾಲಿ ಮಾಡಬೇಕು, ಥ್ಯಾಂಕ್ಯೂ ಹೇಳಬೇಕು. ಇಪ್ಪತ್ತು ವರ್ಷ ಕಳೆದರೂ ಈ ಮೂರು ಪಾಠ ನನ್ನ ಮೈಗೆ ಹಾಗೇ ಅಂಟಿಕೊಂಡಿವೆ. ಮಂಡಿನೋವು ಇಟ್ಟುಕೊಂಡು ಒಲೆಯ ಮುಂದೆ ನಿಂತು ಕುದಿಸಿ ತಂದ ಅತ್ತೆಗೆ, "ಅತ್ತೆ, ಇದರ ಹಬೆ ಮೂಗಿಗೆ ತಾಕಿದರೇ ನನಗೆ ಆಗೋದಿಲ್ಲ" ಅಂತ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮೊದಲ ಮೂರು ದಿನ ಕುಡಿದೆ, ಕುಡಿದಷ್ಟೂ ಹೊರಗೆ ಬಂತು. ನಾಲ್ಕನೆಯ ದಿನ ಅತ್ತೆ ಆ ಕಡೆ ತಿರುಗಿದ ಕೂಡಲೇ ಕಿಟಕಿಯ ಸರಳಿನ ನಡುವಿನಿಂದ ಲೋಟವನ್ನು ದೊಡ್ಡಪತ್ರೆ ಡಬ್ಬಕ್ಕೆ ಬಗ್ಗಿಸಿದೆ. ಖಾಲಿ ಲೋಟ ಕೊಟ್ಟು "ಥ್ಯಾಂಕ್ಸ್ ಅತ್ತೆ" ಅಂದೆ. ಅವರ ಮುಖ ಅರಳಿದ್ದು ನೋಡಿ ಮರುದಿನವೂ ಹಾಗೇ ಮಾಡಿದೆ.

ಹೀಗೆ ಹತ್ತು ದಿನ. ಗಿಡ ಕೊಬ್ಬಿತು. ಅತ್ತೆ ಅದನ್ನು ನೋಡಿ ಹಿಗ್ಗಿ, ಅದರದೇ ಎಲೆ ಕಿತ್ತು ನನ್ನ ಮುಂದಿನ ಲೋಟಕ್ಕೆ ಹಾಕಿದರು. ಆ ಲೋಟವೂ ಮತ್ತೆ ಅದರ ಬುಡಕ್ಕೇ ಹೋಯಿತು. ಮಿಕ್ಕ ಎಲೆಯಲ್ಲಿ ಚಟ್ನಿ ಅರೆದು ತಾವೇ ತಿಂದು, "ಏನೋ ಶುಂಠಿ ಘಾಟು ಬರ್ತೈತಲ್ಲಾ?" ಅಂದರು.

ಬರೀ ಸಂಕೋಚವಾಗಿದ್ದರೆ ಯಾವತ್ತಾದರೂ ಹೇಳಿಬಿಡುತ್ತಿದ್ದೆನೋ ಏನೋ. ಇನ್ನೊಂದು ಕಾರಣವಿತ್ತು, ಅದನ್ನು ನಾನು ನನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಹೋದ ಸಲ ವಾಂತಿ ಇರಲಿಲ್ಲ, ಮಗು ಉಳಿಯಲಿಲ್ಲ. ಈ ಸಲ ವಾಂತಿ ಇದೆ, ಅಂದರೆ ಮಗು ಇದೆ. ಕಷಾಯ ಒಳಗೆ ನಿಂತು ಅಕಸ್ಮಾತ್ ವಾಂತಿ ನಿಂತುಹೋದರೆ? ಆಗ ಒಳಗೆ ಏನಾಗಿದೆ ಅಂತ ನನಗೆ ಹೇಳುವವರು ಯಾರು? ಒಂದೊಂದು ಸಲ ಬಕೆಟ್ಟಿನ ಮೇಲೆ ಬಗ್ಗಿದಾಗಲೂ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಜೊತೆಗೇ ಮನಸ್ಸಿನೊಳಗೆ, ಇದೆ, ಇನ್ನೂ ಇದೆ, ಅಂತ ಒಂದು ಸಮಾಧಾನ.

ಒಂದು ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಿಡಿದು ನಿಂತವಳು ಹಾಗೇ ಕುಸಿದು ಕೂತೆ. ಕೈ ಕೆಳಗೆ ಬಿಟ್ಟಾಗ, ಮದುವೆಯಲ್ಲಿ ಸೋಪು ನೀರು ಹಚ್ಚಿ ಕಷ್ಟಪಟ್ಟು ತೊಡಿಸಿದ್ದ ಚಿನ್ನದ ಬಳೆ ತಾನಾಗಿ ಜಾರಿ ಬಕೆಟ್ಟಿನೊಳಗೆ ಠಣ್ ಅಂತ ಬಿತ್ತು. ಅತ್ತೆ ಬಳೆಯನ್ನೂ ನೋಡಿದರು, ನನ್ನ ಕೈಯನ್ನೂ ನೋಡಿದರು. ಅವತ್ತು "ಚೆನ್ನಾಗಿ ಬರಲಿ" ಅನ್ನಲಿಲ್ಲ. "ಮಹೇಶಾ, ಕಾರು ತೆಗಿ" ಅಂದರು.

ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಪುಟ್ಟ ನರ್ಸಿಂಗ್ ಹೋಮು. ಗೋಡೆಯ ಮೇಲೆ ನಗುವ ಬಿಳಿ ಮಗುವಿನ ಚಿತ್ರ, ಅದರ ಒಂದು ಮೂಲೆ ಕಿತ್ತು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಸಾಲಾಗಿ ಕೂತ ಬಸುರಿಯರೆಲ್ಲ ದುಂಡುದುಂಡಗೆ, ಕೆನ್ನೆಯ ತುಂಬ ಕಳೆ. ನಾನೊಬ್ಬಳೇ ಒಣಗಿದ ಸೌತೆಕಾಯಿ. ನನ್ನ ಪಕ್ಕ ಕೂತ ಹೆಂಗಸು ಬಾಳೆಹಣ್ಣು ಸುಲಿಯಲು ಹೋಗಿ, ನನ್ನ ಮುಖ ನೋಡಿ, ಏನೂ ಕೇಳದೆ ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅವಳ ಹೆಸರು ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ. ಭಾಗ್ಯ ಅನ್ನುವ ನರ್ಸು ನನ್ನ ತೂಕ ನೋಡಲು ಬಂದಾಗ ನಾನು ಮೂಗು ಮುಚ್ಚಿಕೊಂಡೆ. ಅವಳಿಗೆ ಕೂಡಲೇ ತಿಳಿಯಿತು. ಮುಡಿದಿದ್ದ ಮಲ್ಲಿಗೆಯ ತುಂಡನ್ನು ತೆಗೆದು ಕಿಟಕಿಯಾಚೆ ಇಟ್ಟು ಬಂದಳು.

ಡಾಕ್ಟರಮ್ಮ ನನ್ನ ನಾಲಿಗೆ ನೋಡಿದರು, ಕೈಯ ಚರ್ಮ ಎತ್ತಿ ಬಿಟ್ಟು ನೋಡಿದರು. ಮೂತ್ರ ಪರೀಕ್ಷೆಯ ಪಟ್ಟಿ ಗಾಢ ಬಣ್ಣಕ್ಕೆ ತಿರುಗಿತ್ತು. "ಏನು ಕುಡೀತಾಳೆ ದಿನಕ್ಕೆ?" ಅಂತ ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು, "ಅದಕ್ಕೇನು ಕೊರತೆ ಇಲ್ಲ ಡಾಕ್ಟ್ರಮ್ಮಾ, ಆರು ಲೋಟ ಕಷಾಯ. ಒಂದು ತೊಟ್ಟು ಬಿಡಲ್ಲ. ನಾನೇ ಲೋಟ ನೋಡ್ತೀನಲ್ಲ" ಅಂದರು.

ಡಾಕ್ಟರಮ್ಮ ಪಟ್ಟಿಯನ್ನು ಮತ್ತೆ ನೋಡಿದರು. "ಆರು ಲೋಟ ಒಳಗೆ ಹೋಗಿದ್ರೆ ಹೀಗೆ ಬರಲ್ವಲ್ಲಾ" ಅಂದು ನನ್ನ ಕಡೆ ತಿರುಗಿದರು. "ಸರಿಯಾಗಿ ಹೇಳಮ್ಮ. ನೀನು ಹೇಳೋದರ ಮೇಲೆ ಮಗುವಿನ ಕ್ಷೇಮ ನಿಂತಿದೆ."

ಮಗು ಅಂದ ಮೇಲೆ ಸಿಸ್ಟರ್ ಫಿಲೋಮಿನಾ ಕೂಡ ಸುಳ್ಳನ್ನು ಒಪ್ಪುತ್ತಿರಲಿಲ್ಲ. "ನಾನು ಕುಡೀತಿರಲಿಲ್ಲ ಡಾಕ್ಟರ್" ಅಂದೆ. "ಹತ್ತು ದಿನದಿಂದ ಎಲ್ಲಾ... ದೊಡ್ಡಪತ್ರೆ ಕುಡೀತಿದೆ."

ಭಾಗ್ಯ ಕಿಸಕ್ಕನೆ ನಕ್ಕು, ಡಾಕ್ಟರಮ್ಮನ ಮುಖ ನೋಡಿ ಸುಮ್ಮನಾದಳು. ಅತ್ತೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಅವರು ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಡ್ರಿಪ್ ಹಾಕಿದರು. ನರ ಸಿಗಲು ನಾಲ್ಕು ಕಡೆ ಚುಚ್ಚಬೇಕಾಯಿತು. ವಾಂತಿಗೆ ಇಂಜೆಕ್ಷನ್ನು. ಮೂರು ದಿನ ನೋಡುತ್ತೇವೆ, ತೂಕ ಇನ್ನೂ ಇಳಿದರೆ ಹಾಸನಕ್ಕೆ ಕಳಿಸುತ್ತೇವೆ, ಅಂದರು. ಅತ್ತೆ ಆ ಸಂಜೆಯವರೆಗೂ ನನ್ನ ಕಾಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಏನೋ ಕಡಿಮೆಯಾದಂತೆ ಅನ್ನಿಸಿತು. ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳುತ್ತಿತ್ತು, ಕಾರಿಡಾರಿನಲ್ಲಿ ಯಾರೋ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಫಿನಾಯಿಲ್! ಆದರೂ ನನಗೆ ಏನೂ ಆಗುತ್ತಿಲ್ಲ. ಅರ್ಧ ಗಂಟೆ ಕಾದೆ. ಒಂದು ಗಂಟೆ. ಓಕರಿಕೆಯೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ನಾನು ದಿಂಬಿಗೆ ಮುಖ ಒತ್ತಿ ಅಳತೊಡಗಿದೆ.

ಅತ್ತೆ ಗಾಬರಿಯಾಗಿ ಎದ್ದರು. ಹಿಂದಿನ ದಿನದಿಂದ ಅದೇ ಅವರ ಮೊದಲ ಮಾತು. "ಏನಾಯ್ತೇ? ನೋವಾಯ್ತಾ?"

"ನಿಂತುಹೋಯ್ತು ಅತ್ತೆ."

"ಏನು?"

"ವಾಂತಿ. ಹೋದ ಸಲದ ಥರ."

ಅವರಿಗೆ ಅರ್ಥವಾಯಿತು. ನನ್ನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಗ ನಾನು ಎಲ್ಲವನ್ನೂ ಹೇಳಿದೆ. ಬರೀ ವಾಸನೆಗಲ್ಲ, ಈ ಭಯಕ್ಕೂ ಚೆಲ್ಲುತ್ತಿದ್ದೆ ಅಂತ. ಅವರು ಎಲ್ಲ ಕೇಳಿ ಅಂದರು: "ನಂಗೂ ಅದೇ ಭಯ ಇತ್ತು ಕಣವ್ವಾ. ನಿಲ್ಲಲಿ ಅಂತ ಒಲೆ ಮುಂದೆ ಕಷಾಯ ಕುದಿಸೋದು, ನಿಲ್ಲದೆ ಇರಲಿ ಅಂತ ದೇವರ ಮುಂದೆ ಕೈ ಮುಗಿಯೋದು. ಪೆದ್ದು ನೀನೊಬ್ಬಳೇ ಅಲ್ಲ ಬಿಡು."

ಭಾಗ್ಯ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಸ್ಕ್ಯಾನಿಂಗ್ ಕೋಣೆಗೆ ವೀಲ್‌ಚೇರಿನಲ್ಲಿ ಹೋದೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು. ನಾನು ತೆರೆಯ ಕಡೆ ನೋಡಲಿಲ್ಲ. ಡಾಕ್ಟರಮ್ಮನ ಕನ್ನಡಕವನ್ನೇ ನೋಡುತ್ತಿದ್ದೆ. ಹೋದ ಸಲ ಅಂಥದೇ ಕೋಣೆಯಲ್ಲಿ ಇನ್ನೊಬ್ಬ ಡಾಕ್ಟರು ಏನೂ ಹೇಳದೆ ಯಂತ್ರ ಆರಿಸಿದ್ದರು. ಈ ಸಲ ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು.

ಕೋಣೆಯೆಲ್ಲ ಸದ್ದು. ದಡದಡದಡದಡ. ನಮ್ಮ ಅಟ್ಟದ ಮೇಲೆ ಇಲಿಗಳ ಸೈನ್ಯ ಓಡಿ ಕೊಬ್ಬರಿಯೆಲ್ಲ ಒಟ್ಟಿಗೇ ಲೊಡಗುಟ್ಟಿದ ಹಾಗೆ.

"ನಿನ್ನ ಮಗುವಿನ ಹೃದಯ" ಅಂದರು ಡಾಕ್ಟರಮ್ಮ. "ವಾಂತಿ ನಿಂತಿದ್ದು ಔಷಧಿಯಿಂದ. ಮಗು ಅದರ ಪಾಡಿಗೆ ಅದು ಆಟ ಆಡ್ತಿದೆ. ಅದು ಇದೆ ಅಂತ ತಿಳಿಯೋಕೆ ನೀನು ವಾಂತಿ ಮಾಡಬೇಕಾಗಿಲ್ಲ, ತಿಳೀತಾ?"

ಬಾಗಿಲಾಚೆ ನಿಂತಿದ್ದ ನಮ್ಮವರು, "ಒಳಗೆ ಬರಲಾ? ಸ್ನಾನ ಮಾಡಿದೀನಿ" ಅಂದರು. ಅತ್ತೆ ನಗುತ್ತ ಅಳುತ್ತ, "ಬಾರೋ ಬಜ್ಜಿ!" ಅಂದರು.

ಸಂಜೆ ಅತ್ತೆ ಮನೆಗೆ ಹೋಗಿ ಬಂದರು. ಸೆರಗಿನ ಗಂಟಿನಿಂದ ಏನೋ ಬಿಚ್ಚಿದರು. ಬೆಳ್ಳಿಯ ಒಳಲೆ. ಎಳೆ ಮಕ್ಕಳಿಗೆ ಹಾಲು ಕುಡಿಸುವ, ಮೂತಿ ಚೂಪಾದ ಪುಟ್ಟ ಬಟ್ಟಲು. ನಮ್ಮವರಿಗೆ ಕುಡಿಸಿದ್ದು, ಅಂಚಿನಲ್ಲಿ ಅವರ ಮೊದಲ ಹಲ್ಲಿನ ಗುರುತು ಈಗಲೂ ಇದೆ.

"ಇದೇನಜ್ಜೀ, ಮಗು ಇನ್ನೂ ಹುಟ್ಟೇ ಇಲ್ಲ!" ಅಂದಳು ಭಾಗ್ಯ.

"ಇವಳಿಗೇ ಕಣವ್ವಾ. ಲೋಟ ನೋಡಿ ಮೋಸ ಹೋದೆ. ಇನ್ನು ಮೇಲೆ ಗಂಟಲು ನೋಡ್ತೀನಿ."

ಆದರೆ ಮೊದಲು ಡಾಕ್ಟರಮ್ಮನನ್ನು ಕೇಳಿದರು. ಮರದ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದರು! ಮಂಚದ ಮೇಲೆ ಒಂದೊಂದೇ ಗಂಟು ಬಿಚ್ಚಿದರು. ಡಾಕ್ಟರಮ್ಮ ನಗಲಿಲ್ಲ, ಗಡಿಬಿಡಿ ಮಾಡಲಿಲ್ಲ. ಆ ತಾಳ್ಮೆಗೆ ನಾನು ಅವರಿಗೆ ಋಣಿ. ಶುಂಠಿ ಅಡುಗೆಗೆ ಹಾಕುವಷ್ಟು ತೊಂದರೆಯಿಲ್ಲ, ಆದರೆ ಬಿಸಿ ಕಷಾಯ ಬೇಡ, ವಾಸನೆ ಏಳುತ್ತದೆ. ಏಲಕ್ಕಿ ಆಗಬಹುದು. ಅರಳಿನ ನೀರು ಬಹಳ ಒಳ್ಳೆಯದು, ಚಿಟಿಕೆ ಉಪ್ಪು ಸಕ್ಕರೆ ಹಾಕಿ, ತಣ್ಣಗೆ. ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ಕೊನೆಗೆ ಒಂದು ಕಾಗದದ ಪೊಟ್ಟಣ ಉಳಿಯಿತು. ಬಿಕ್ಕೋಡಿನ ಕಡೆಯ ಪರಿಚಯದವರೊಬ್ಬರು ಕೊಟ್ಟು ಕಳಿಸಿದ್ದ ಪುಡಿ.

"ಇದು ಏನು?"

"ಯಾವುದೋ ಬೇರಂತೆ. ಭಾರಿ ಗುಣ ಅಂತೆ."

"ಯಾವ ಬೇರು?"

ಅತ್ತೆಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಪೊಟ್ಟಣವನ್ನು ಮಡಿಸಿ ಅವರ ಕೈಗೇ ಕೊಟ್ಟರು. "ಹೆಸರು ಗೊತ್ತಿಲ್ಲದ ಬೇರನ್ನ, ಇನ್ನೂ ಹೆಸರಿಡದ ಮಗೂಗೆ ಕೊಡೋದು ಬೇಡಮ್ಮಾ." ಅತ್ತೆ ಅದನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡು ಬಂದರು.

ಹೀಗೆ ಶುರುವಾಯಿತು ನನ್ನ ಒಳಲೆಯ ಜೀವನ. ಅತ್ತೆಗೆ ಗಡಿಯಾರದಲ್ಲಿ ನಂಬಿಕೆಯಿಲ್ಲ. ಲಿಂಗ ಹಿಡಿದು "ಓಂ ನಮಃ ಶಿವಾಯ" ಅಂತ ನೂರೆಂಟು ಸಲ ಜಪ, ಅದು ಮುಗಿದರೆ ಒಂದು ಒಳಲೆ ಅರಳಿನ ನೀರು. ಮತ್ತೆ ನೂರೆಂಟು, ಮತ್ತೊಂದು ಒಳಲೆ. ಎರಡು ಗುಟುಕಿಗಿಂತ ಹೆಚ್ಚಿಲ್ಲ. ಹೊರಗೆ ತಳ್ಳಲೋ ಬೇಡವೋ ಅಂತ ಹೊಟ್ಟೆ ಯೋಚಿಸುವಷ್ಟರಲ್ಲಿ ಮುಗಿದೇ ಹೋಗಿರುತ್ತಿತ್ತು. ಒಮ್ಮೆ ನಡುವೆ ಫೋನ್ ಬಂದು ಎಣಿಕೆ ತಪ್ಪಿದಾಗ, "ಅಯ್ಯೋ, ಮತ್ತೆ ಮೊದಲಿಂದ" ಅಂದರು. ನಾನು, "ಅತ್ತೆ, ಬಾಯಾರಿಕೆ ಆಗ್ತಿದೆ, ಸ್ವಲ್ಪ ಬೇಗ ಜಪ ಮಾಡಿ" ಅಂದೆ. ಬಾಯಾರಿಕೆ! ಐದು ವಾರದ ಮೇಲೆ ನನ್ನ ಬಾಯಿಂದ ಆ ಮಾತು ಬಂದಿತ್ತು. ಅತ್ತೆ ಅವತ್ತು ಶಿವನನ್ನು ರೈಲಿನ ವೇಗದಲ್ಲಿ ಓಡಿಸಿದರು.

ಎಲ್ಲ ಅಲ್ಲಿಗೇ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮನೆಗೆ ಬಂದ ಎರಡು ವಾರಕ್ಕೆ ಮತ್ತೆ ಹೆಚ್ಚಾಗಿ ಇನ್ನೊಂದು ಸಲ ಡ್ರಿಪ್ ಹಾಕಿಸಿಕೊಂಡು ಬಂದೆ. ನುಂಗಿದ ಮಾತ್ರೆ ಕರಗುವ ಮೊದಲೇ ವಾಂತಿಯಲ್ಲಿ ಬಿದ್ದುಹೋದ ದಿನಗಳಿದ್ದವು. ಮೈ ಎದ್ದು ಕೂರಲು ಒಪ್ಪದೆ, ಸುಮ್ಮನೆ ಗೋಡೆಯ ಹಲ್ಲಿಯನ್ನು ನೋಡುತ್ತ ಕಳೆದ ಮಧ್ಯಾಹ್ನಗಳಿದ್ದವು. ಆದರೆ ಈಗ ನಾನು ಏನನ್ನೂ ಮುಚ್ಚಿಡುತ್ತಿರಲಿಲ್ಲ. "ಅತ್ತೆ, ಇದು ಆಗಲ್ಲ" ಅನ್ನುವ ಮಾತನ್ನು ಮೂವತ್ತನೇ ವಯಸ್ಸಿನಲ್ಲಿ ಕಲಿತೆ. ಅವರೂ ಮುಖ ಸಣ್ಣ ಮಾಡದೆ, "ಸರಿ, ಯಾವುದಾಗುತ್ತೆ ಹೇಳು" ಅನ್ನುವುದನ್ನು ಕಲಿತರು. ನಮ್ಮವರು ಅಟ್ಟದ ಕಾಯಿಯನ್ನೆಲ್ಲ ಗಂಡಸಿಯ ತೋಟದ ಮನೆಗೆ ಸಾಗಿಸಿದರು. ಹುಟ್ಟಿದಾಗಿನಿಂದ ಆ ಅಟ್ಟ ಖಾಲಿಯಾದದ್ದನ್ನು ಅವರೂ ನೋಡಿರಲಿಲ್ಲವಂತೆ.

ನಮ್ಮಮ್ಮ ಬೇಲೂರಿನಿಂದ ಬರುವಾಗ ಹಿತ್ತಲಿನ ಹೇರಳೆ ಗಿಡದ, ನಿಂಬೆಯಂಥ ಘಮದ ಎಲೆ ತಂದರು. ಅದನ್ನು ಬೆರಳಲ್ಲಿ ಸ್ವಲ್ಪ ಕಿವುಚಿ ಮೂಗಿನ ಹತ್ತಿರ ಹಿಡಿದರೆ, ಉಳಿದ ವಾಸನೆಗಳೆಲ್ಲ ಒಂದಿಷ್ಟು ಹೊತ್ತು ಹಿಂದೆ ಸರಿದು ನಿಲ್ಲುತ್ತಿದ್ದವು. ಕುಡಿಯಬೇಕಾಗಿಲ್ಲ, ನುಂಗಬೇಕಾಗಿಲ್ಲ. ಎಲ್ಲ ಮದ್ದುಗಳಲ್ಲಿ ನನಗೆ ಅದೇ ಹೆಚ್ಚು ಒಗ್ಗಿದ್ದು. ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ, ನಿಮ್ಮ ಮೂಗನ್ನೂ ಕೇಳಿ.

ಐದನೇ ತಿಂಗಳು ತುಂಬಿದ ಒಂದು ಭಾನುವಾರ ಅಮ್ಮ ಬಯಕೆ ಬುತ್ತಿ ಹೊತ್ತು ಬಂದರು. ಬಸುರಿ ಮಗಳು ಏನೇನು ಬಯಸುತ್ತಾಳೋ ಅದನ್ನು ತವರಿನವರು ಮಾಡಿ ತರುವ ಪದ್ಧತಿ. ಫೋನಿನಲ್ಲಿ, "ಏನು ಬೇಕೇ?" ಅಂತ ಕೇಳಿದಾಗ, ನಾನು ಎಷ್ಟು ಯೋಚಿಸಿದರೂ ಒಂದೇ ಹೊಳೆದಿತ್ತು: ಬರೀ ಮೊಸರನ್ನ, ಒಗ್ಗರಣೆ ಇಲ್ಲದ್ದು. ಅಮ್ಮ ಐದು ಡಬ್ಬಿಯ ಕ್ಯಾರಿಯರ್ ತಂದು ಬಿಚ್ಚಿದರು. ಐದರಲ್ಲೂ ಮೊಸರನ್ನ!

"ಬೀಗ್ರೇ, ಇದೇನು, ಒಂದು ಹೋಳಿಗೆ ಇಲ್ಲ, ಚಿತ್ರಾನ್ನ ಇಲ್ಲ?" ಅತ್ತೆ ಹುಬ್ಬೇರಿಸಿದರು.

"ಬಯಸಿದ್ದು ಇದು. ಬೇರೆ ತಂದ್ರೆ ಗಿಡಕ್ಕೆ ಹಾಕಿಬಿಟ್ರೆ?" ಅಂದರು ಅಮ್ಮ. ಸುದ್ದಿ ಬೇಲೂರಿಗೂ ಮುಟ್ಟಿತ್ತು.

ನಾನು ಮೊದಲ ಡಬ್ಬಿ ಮುಗಿಸಿದೆ. ಎರಡನೆಯದಕ್ಕೆ ಕೈ ಹಾಕಿದಾಗ ಅತ್ತೆ ಲಿಂಗ ಹಿಡಿದುಕೊಂಡರು. ಏನೂ ಆಗಲಿಲ್ಲ. ಆಮೇಲೆ ಅಮ್ಮ ಹಸಿರು ಗಾಜಿನ ಬಳೆ ತೊಡಿಸಿದರು. ಕೈ ಸ್ವಲ್ಪ ತುಂಬಿಕೊಂಡಿತ್ತು. ಒಂದು ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡು ಟಪ್ ಅಂತ ಒಡೆಯಿತು. ಅಮ್ಮ ಅಪಶಕುನ ಅಂತ ಮುಖ ಸಣ್ಣ ಮಾಡುವಷ್ಟರಲ್ಲಿ ಅತ್ತೆ ಚಪ್ಪಾಳೆ ತಟ್ಟಿದರು. "ಜಾರಿ ಬೀಳಲಿಲ್ಲ ಬೀಗ್ರೇ! ಬಿಗಿ ಆಯ್ತು! ಸೋಪು ತನ್ನಿ, ಸೋಪು ತನ್ನಿ!"

ಮಗಳು ಹುಟ್ಟಿದಳು. ತೂಕ ಚೆನ್ನಾಗಿತ್ತು, ಗಂಟಲು ಇನ್ನೂ ಚೆನ್ನಾಗಿತ್ತು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಮೊದಲು ಕಿಟಕಿಯ ಬಳಿ ಹೋಗಿ, "ನೋಡು, ನಿನ್ನ ಪಾಲಿಂದೆಲ್ಲ ಕುಡಿದವನು ಇವನೇ" ಅಂತ ಗಿಡ ತೋರಿಸಿದರು.

ಮೊನ್ನೆ ಅವಳಿಗೆ ಆರು ತಿಂಗಳು ತುಂಬಿತು. ಅತ್ತೆ ರಾಗಿ ನೆನೆಹಾಕಿ, ಮೊಳಕೆ ಕಟ್ಟಿಸಿ, ಒಣಗಿಸಿ, ಬೀಸಿ, ಮೂರು ಸಲ ಬಟ್ಟೆಯಲ್ಲಿ ಸೋಸಿ, ಅವಳ ಮೊದಲ ತುತ್ತಿಗೆ ರಾಗಿ ಸರಿ ಕಾಸಿದರು. ಅದೇ ಬೆಳ್ಳಿಯ ಒಳಲೆ. ಕಿಟಕಿಯ ಬೆಳಕಿನಲ್ಲಿ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಮೊದಲ ಗುಟುಕು ಬಿಟ್ಟರು. ಅವಳು ಗಂಭೀರವಾಗಿ ಅಜ್ಜಿಯ ಮುಖ ನೋಡಿ, ಬಾಯಿ ಚಪ್ಪರಿಸಿ, ಪೂರ್ತಿಯಾಗಿ ಅಜ್ಜಿಯ ಸೀರೆಯ ಮೇಲೆ ಉಗಿದಳು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಬಾಯಿಯನ್ನೇ ತೆರೆಯಲಿಲ್ಲ.

ಅಷ್ಟರಲ್ಲಿ ಬೇಲೂರಿನಿಂದ ಫೋನು. ಸ್ಪೀಕರಿನಲ್ಲಿ ಅಮ್ಮನ ದನಿ: "ಬೀಗ್ರೇ, ಸರಿ ತಿಂದ್ಲಾ ಮಗು? ಮೊದಲ ದಿನ ಬಟ್ಟಲು ಖಾಲಿ ಮಾಡಿದ್ರೆ ಒಳ್ಳೇದು!"

ಅತ್ತೆ ಬಟ್ಟಲಿನಲ್ಲಿ ಉಳಿದ ಸರಿಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಎದ್ದು, ಕಿಟಕಿಯ ಸರಳಿನ ನಡುವೆ ಕೈ ತೂರಿಸಿ, ಬಟ್ಟಲನ್ನು ಬಗ್ಗಿಸಿದರು.

"ಪೂರ್ತಿ ಖಾಲಿ ಬೀಗ್ರೇ," ಅಂದರು ಜೋರಾಗಿ. "ಒಂದು ತೊಟ್ಟೂ ಉಳಿಸಲಿಲ್ಲ!"

ಹೊರಗೆ ದೊಡ್ಡಪತ್ರೆಯ ದಪ್ಪ ಎಲೆಗಳ ಮೇಲಿಂದ ರಾಗಿ ಸರಿ ನಿಧಾನವಾಗಿ ಬುಡಕ್ಕೆ ಇಳಿಯುತ್ತಿತ್ತು.